ನೀಲಿ ಬಾಗಿಲು

ರಾಯಚೂರಿನ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಸೂಗಮ್ಮ ಮತ್ತು ಅವಳ ದೇವದುರ್ಗದ ಗೆಳತಿ, ಆ ವರ್ಷದ ಅಂಕಗಳಿಗಾಗಿ ಹಾಡಿನ ಕ್ಯಾಸೆಟ್ಟೊಂದನ್ನು ಮಾಡಿ, ಅದರ ಡಬ್ಬಿಗೆ ಚಿತ್ರದ ಹೊದಿಕೆಯನ್ನೂ ತಯಾರಿಸಬೇಕಿತ್ತು. ಮಾನ್ವಿಯಲ್ಲಿ ಸೂಗಮ್ಮನ ಪಕ್ಕದ ಮನೆಯ ದಾವಲ್ ಬೀ, ಬೀಸುವ ಕಲ್ಲಿನ ಮುಂದೆ ಕೂತು ಎದೆತುಂಬಿ ಹಾಡಿಕೊಟ್ಟಳು.

"ನನ್ನ ಫೋಟೋ ಬ್ಯಾಡ, ನಮ್ಮ ಬಾಗಲದ್ದು ಹಾಕ್ರಿ. ಒಂದು ಕ್ಯಾಸೆಟ್ ನಮ್ಮ ಮನಿಯವರಿಗೆ ಕಳಸ್ತೀನಿ."

ಅವಳ ಗಂಡ ಗುಲಾಮ್ ದಸ್ತಗೀರ್ ದುಬೈಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಗಂಡಹೆಂಡಿರ ಮಾತುಕತೆಯೆಲ್ಲ ದನಿ ತುಂಬಿ ಕಳಿಸುವ ಕ್ಯಾಸೆಟ್ಟಿನಲ್ಲೇ.

ಕಪ್ಪುಬಿಳುಪು ಫೋಟೋದ ಬಾಗಿಲಿಗೆ ಸೂಗಮ್ಮ ಕುಂಚದಿಂದ ಹಸಿರು ತುಂಬಿದಳು. ಹಿಂದಿನ ರಂಜಾನಿಗೆ ದಾವಲ್ ಬೀ ಬಾಗಿಲಿಗೆ ಬಳಿಸಿದ್ದ ಬಣ್ಣವದು. ದಾವಲ್ ಬೀ ನೋಡಿದವಳೇ ಸಿಡಿದಳು.

"ನೀಲಿ ಹಚ್ಚು ಬೇ! ಅವರು ಹೋಗುವಾಗ ನೀಲಿ ಇತ್ತು. ಅವರ ಕಣ್ಣಾಗ ಇನ್ನೂ ನೀಲೀನ ಅದ. ಹಸಿರು ಕಂಡ್ರ, ನಾನಿಲ್ಲದ ಮನಿ ಬದಲಾತು ಅಂತ ನೊಂದುಕೋತಾರ."

ಯಾವ ನೀಲಿ ಎಂದು ಸೂಗಮ್ಮ ಕೇಳಿದ್ದಕ್ಕೆ, ಬಾಗಿಲ ಮೂಲೆಯ ಹಸಿರನ್ನು ಉಗುರಿನಿಂದ ಕೆರೆದು ಒಳಗಿನ ಬಣ್ಣ ತೋರಿಸಿದಳು. ಅದೇ ಬಣ್ಣ ಕೂಡಿಬರುವವರೆಗೂ ಸೂಗಮ್ಮನನ್ನು ಏಳಗೊಡಲಿಲ್ಲ.

ಮಳೆಗಾಲದ ಹೊತ್ತಿಗೆ ದುಬೈಯಿಂದ ಉತ್ತರದ ಕ್ಯಾಸೆಟ್ ಬಂತು. ದಾವಲ್ ಬೀ ಸೂಗಮ್ಮನನ್ನೂ ಕೂಗಿ ಕರೆದು ಟೇಪ್ ಹಚ್ಚಿದಳು. ಹಾಡು ಕೇಳಿ ದಸ್ತಗೀರನಿಗೆ ಕಣ್ಣು ತುಂಬಿ ಬಂತಂತೆ. ಜೊತೆಗಾರರಿಗೆಲ್ಲ ಕೇಳಿಸಿದನಂತೆ. ದಾವಲ್ ಬೀ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಟೇಪಿನೊಳಗಿನ ಗಂಡನ ದನಿ, ಡಬ್ಬಿಯ ಮೇಲಿನ ನೀಲಿ ಬಾಗಿಲು ಯಾರ ಮನೆಯದು ಎಂದು ಕೇಳಿತು.