ಎಂಟು ತಿಂಗಳ ಮನೆ

ಪರದೇಶದ ಆ ಸಮುದ್ರದಂಡೆಯ ಊರಿನಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ ಎಂದು ಯಾರೂ ದೂರುವಂತಿರಲಿಲ್ಲ. ಸಿಗುತ್ತಿತ್ತು, ಧಾರಾಳವಾಗಿ ಸಿಗುತ್ತಿತ್ತು, ಆದರೆ ಎಂಟೇ ತಿಂಗಳಿಗೆ. ಬೇಸಿಗೆ ಕಾಲಿಟ್ಟ ಕೂಡಲೇ ಎಲ್ಲೆಲ್ಲಿಂದಲೋ ರಜೆಯವರು ಟೋಪಿ, ಕಪ್ಪು ಕನ್ನಡಕ ಏರಿಸಿಕೊಂಡು ಬಂದಿಳಿಯುತ್ತಿದ್ದರು. ಕೆಲಸಕ್ಕೆಂದು ಬಂದು ನೆಲೆಸಿದವರು ಎಂಟು ತಿಂಗಳು ಕೊಡುವ ಬಾಡಿಗೆಯನ್ನು ಅವರು ಒಂದೇ ತಿಂಗಳಲ್ಲಿ ಸುರಿದು ಹೋಗುತ್ತಿದ್ದುದರಿಂದ, ಮನೆಮಾಲೀಕರಿಗೆ ಆ ಹೊತ್ತಿನಲ್ಲಿ ಹಳೆಯ ಬಾಡಿಗೆದಾರರ ಮುಖವೇ ಮರೆತುಹೋಗುತ್ತಿತ್ತು. ಬೇಸಿಗೆ ಮುಗಿದ ಮೇಲೆ ಅದೇ ಮಾಲೀಕರು ಹಲ್ಲು ಕಿರಿಯುತ್ತ ಬಂದು, ಮನೆ ಖಾಲಿ ಇದೆ, ಬನ್ನಿ ಎನ್ನುತ್ತಿದ್ದರು.

ಈ ಕಥೆಯಲ್ಲಿ ಇಬ್ಬರು ವಾರಗಿತ್ತಿಯರಿದ್ದಾರೆ. ಅತ್ತೆ ಊರಿನಿಂದ ಫೋನ್ ಮಾಡಿದಾಗಲೆಲ್ಲ ಇವರನ್ನು ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ. ದೊಡ್ಡವಳು ಲಾಂಡ್ರಿ ಅಂಗಡಿಯೊಂದರ ಮೂಲೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಪ್ಯಾಂಟಿನ ಅಂಚು ಮಡಚುವುದು, ಕೆಟ್ಟ ಜಿಪ್ಪು ಬದಲಾಯಿಸುವುದು, ದಪ್ಪಗಾದವರ ಸೊಂಟ ಹಿಗ್ಗಿಸುವುದು, ಇಂಥ ಕೆಲಸ ಮಾಡುತ್ತಿದ್ದಳು. ಅವಳ ಗಂಡ ಬಂದರಿನ ಶೀತಲಗೃಹದಲ್ಲಿ ಮೆಕ್ಯಾನಿಕ್. ಪ್ರತಿ ಬೇಸಿಗೆಯೂ ಗಂಡ ಹೆಂಡತಿ ಗಂಟುಮೂಟೆ ಕಟ್ಟಿ, ಮಗಳನ್ನು ಕರೆದುಕೊಂಡು, ಲಾಂಡ್ರಿಯ ಹಿಂದಿನ ಉಗ್ರಾಣಕ್ಕೆ ಬಂದು ಬೀಳುತ್ತಿದ್ದರು. ಅಲ್ಲಿ ಯಾರ್ಯಾರದೋ ಕೋಟುಗಳು ತಲೆಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಇಸ್ತ್ರಿಯ ಹಬೆಗೆ ಪುಸ್ತಕದ ಹಾಳೆಗಳೆಲ್ಲ ಹಪ್ಪಳದ ಹಾಗೆ ಉಬ್ಬುತ್ತಿದ್ದವು. ಈ ಸಲವಂತೂ ಮಗಳ ಶಾಲೆಯ ಕೊನೆಯ ಪರೀಕ್ಷೆ ಸರಿಯಾಗಿ ಮನೆ ಬಿಡುವ ತಿಂಗಳಿನಲ್ಲೇ ಬಂದು ಕೂತಿತ್ತು. ದೊಡ್ಡವಳಿಗೆ ಬೇಕಾದದ್ದು ಒಂದೇ: ವರ್ಷವಿಡೀ ತನ್ನದಾಗಿರುವ ಬಾಡಿಗೆ ಮನೆ.

ಚಿಕ್ಕವಳು ಬಂದು ಎರಡು ವರ್ಷವಾಗಿತ್ತು. ಮೈದುನನಿಗೂ ಅದೇ ಶೀತಲಗೃಹದಲ್ಲಿ ಕೆಲಸ ಕೊಡಿಸಿದ್ದು ದೊಡ್ಡವಳ ಗಂಡನೇ. ಚಿಕ್ಕವಳು ಒಂದು ಸಲೂನು ಸೇರಿ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ದೊಡ್ಡವಳು ಬೆವರು ಸುರಿಸಿ ಕಲಿತು ಇವತ್ತಿಗೂ ತಡವರಿಸುವ ಆ ದೇಶದ ಭಾಷೆಯನ್ನು ಇವಳು ನಗುನಗುತ್ತಲೇ ಕಲಿತಳು. ಕಡಲಗಾಳಿಗೆ ಊರಿನ ಹೆಂಗಸರೆಲ್ಲ ಕೆದರಿದ ತಲೆಯಲ್ಲಿ ಓಡಾಡಿದರೆ ಇವಳ ಜಡೆ ಮಾತ್ರ ಬೆಳಿಗ್ಗೆ ಹಾಕಿದಂತೆಯೇ ಇರುತ್ತಿತ್ತು. ಹೋದ ಬೇಸಿಗೆಯಲ್ಲಿ ಸಲೂನಿನ ಯಜಮಾನಿ ಇವಳಿಗೆ ತನ್ನ ಮಹಡಿಯ ಕೋಣೆಯನ್ನೇ ಬಿಟ್ಟುಕೊಟ್ಟಿದ್ದಳು. ಇಷ್ಟು ವರ್ಷದಲ್ಲಿ ದೊಡ್ಡವಳಿಗೆ ಈ ಊರು ಒಂದು ಬೆಕ್ಕಿನ ಗೂಡನ್ನೂ ಬಿಟ್ಟುಕೊಟ್ಟಿರಲಿಲ್ಲ. ಹೊಟ್ಟೆಕಿಚ್ಚು ಎಂದರೆ ಬೇರೆಯವರಿಗೆ ಬರುವ ರೋಗ ಎಂದುಕೊಂಡಿದ್ದವಳು, ಈಗ ಚಿಕ್ಕವಳ ಚಪ್ಪಲಿ ಕಂಡರೂ ಉರಿಯುತ್ತಿದ್ದಳು. ಚಿಕ್ಕವಳೋ, ‘ಅಕ್ಕಾ, ಅಕ್ಕಾ’ ಎಂದು ಬಾಯಿ ತುಂಬ ಕರೆಯುತ್ತ ಅವಳಿಂದಲೇ ಬಟ್ಟೆ ಹೊಲಿಸಿಕೊಂಡು ಹೋಗುತ್ತಿದ್ದಳು. ಹೊಲಿದ ಬಟ್ಟೆ ಅವಳಿಗೆ ಒಪ್ಪಿದಷ್ಟು ಹೊಲಿದವಳಿಗೆ ಎಂದೂ ಒಪ್ಪಲಿಲ್ಲ.

ಹೀಗಿರುವಾಗ ಒಂದು ದಿನ ಕಪ್ತಾನಮ್ಮ ಹಳೆಯ ಪರದೆಗಳ ಗಂಟನ್ನು ಲಾಂಡ್ರಿಗೆ ತಂದರು. ಗಂಡ ಹಡಗಿನ ಕಪ್ತಾನನಾಗಿದ್ದ, ತೀರಿಕೊಂಡು ಬಹಳ ಕಾಲವಾಗಿತ್ತು. ದೊಡ್ಡವಳ ಮನೆಯವರೆಲ್ಲ ಆ ವಿಧವೆಗೆ ಇಟ್ಟ ಹೆಸರು ಅದು. ಮಾತಿನ ನಡುವೆ ಆಕೆ, ವಾರಕ್ಕೊಬ್ಬ ರಜೆಯವನ ಮರಳು ಗುಡಿಸಿ ಸಾಕಾಗಿದೆ, ಮೇಲಿನ ಮನೆಯನ್ನು ಇನ್ನು ಮುಂದೆ ವರ್ಷವಿಡೀ ಇರುವವರಿಗೇ ಕೊಡುತ್ತೇನೆ ಎಂದರು. ದೊಡ್ಡವಳ ಕಿವಿ ನೆಟ್ಟಗಾಯಿತು. ಪರದೆಯ ಅಳತೆ ತೆಗೆಯುವ ನೆಪ ಹೂಡಿ ಅವತ್ತೇ ಸಂಜೆ ಆ ಮನೆ ಹತ್ತಿದಳು.

ಎರಡು ಕೋಣೆ, ಒಂದು ಅಡುಗೆಮನೆ. ಆ ಊರಿನ ಗೋಡೆಗಳೆಲ್ಲ ಉಪ್ಪುಗಾಳಿಗೆ ಪೊರೆ ಬಿಡುತ್ತಿದ್ದವು. ಈ ಮನೆಯ ಗೋಡೆ ಮಾತ್ರ ಮುಟ್ಟಿದರೆ ಒಣಗಿ ಗಟ್ಟಿಯಾಗಿತ್ತು. ಮುಂದಿನ ಕೋಣೆಯಲ್ಲೊಂದು ಅಗಲ ಕಿಟಕಿ. ಎದುರಿನ ಎರಡು ಚಾವಣಿಗಳ ನಡುವೆ ಸೀರೆಯ ಅಂಚಿನಷ್ಟು ಸಮುದ್ರ ಕಾಣುತ್ತಿತ್ತು. ದೊಡ್ಡವಳು ಟೇಪು ಹಿಡಿದು ಕಿಟಕಿಯ ಅಗಲ ಅಳೆದಳು, ಆಮೇಲೆ ಯಾರೂ ಹೇಳದಿದ್ದರೂ ಕಿಟಕಿಯ ಕೆಳಗಿನ ಜಾಗವನ್ನೂ ಅಳೆದಳು. ಅವಳ ಹೊಲಿಗೆಯಂತ್ರ ಅಲ್ಲಿ ಅಚ್ಚುಕಟ್ಟಾಗಿ ಕೂರುತ್ತಿತ್ತು. ಮನೆಯನ್ನು ತನಗೇ ಕೊಡಬೇಕೆಂದು ಗೊತ್ತಿದ್ದ ಭಾಷೆಯಲ್ಲಿ ಕೇಳಿಕೊಂಡಳು. ಕಪ್ತಾನಮ್ಮ ಯೋಚಿಸಿ ಹೇಳುತ್ತೇನೆ ಎಂದರು, ಆದರೆ ಮುಖ ನೋಡಿದರೆ ಒಲವಿತ್ತು.

ಈ ವಿಷಯ ಗೋಡೆಗೂ ಗೊತ್ತಾಗಬಾರದು ಎಂದು ದೊಡ್ಡವಳು ಗಂಡನಿಗೆ ಹೇಳಿದಳು. ಹೇಳಿದ್ದೇ ತಪ್ಪು. ಹೊಟ್ಟೆಯಲ್ಲಿ ಗುಟ್ಟು ನಿಲ್ಲದ ಮನುಷ್ಯ, ಮರುದಿನ ಊಟದ ಬಿಡುವಿನಲ್ಲಿ ತಮ್ಮನ ಮುಂದೆ ಎಲ್ಲ ಕಕ್ಕಿದ. ವಾರ ಕಳೆಯುವುದರೊಳಗೆ ಚಿಕ್ಕವಳು ಕತ್ತರಿ ಬಾಚಣಿಗೆ ಹಿಡಿದು ಕಪ್ತಾನಮ್ಮನ ಮನೆಗೇ ಹೋಗಿ, ಅವರ ತಲೆಕೂದಲು ಸರಿಮಾಡಿ, ನಗಿಸಿ, ತಾನೂ ಮನೆ ಕೇಳಿ ಬಂದಿದ್ದಳು. ದೊಡ್ಡವಳು ಗಂಡನ ಮೇಲೆ ಹರಿಹಾಯ್ದಳು. ಅವನು, ಅವರೂ ನಮ್ಮವರೇ ಅಲ್ವಾ, ಯಾರಿಗೆ ಸಿಕ್ಕಿದರೇನು ಎಂದ. ಆ ರಾತ್ರಿ ಅವನ ಊಟಕ್ಕೆ ಹಪ್ಪಳವನ್ನೂ ಕರಿಯಲಿಲ್ಲ.

ಅದಾದ ಎರಡು ದಿನಕ್ಕೆ ಚಿಕ್ಕವಳು ಸಲೂನಿನ ಅಂಗಿ ತಂದು, ಯಾಕೋ ಬಿಗಿಯಾಗುತ್ತೆ ಅಕ್ಕಾ, ಸ್ವಲ್ಪ ಬಿಡಿಸಿ ಕೊಡಿ ಎಂದಳು. ಮೊನ್ನೆ ಮೊನ್ನೆ ಹೊಲಿದ ಅಂಗಿ. ದೊಡ್ಡವಳು ಟೇಪು ಸುತ್ತಿದಳು. ಮುಖ ಇಳಿದಿತ್ತು, ತೋಳು ಇಳಿದಿತ್ತು, ಎದೆ ಮತ್ತು ಸೊಂಟ ಮಾತ್ರ ಏರಿದ್ದವು. ಹೀಗೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏರುವುದು ಊಟದಿಂದಲ್ಲ ಎಂದು ಹೊಲಿಯುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲಿಟ್ಟ ಕಾಫಿಯನ್ನು ಚಿಕ್ಕವಳು ದೂರ ತಳ್ಳಿದ್ದೂ ಕಣ್ಣಿಗೆ ಬಿತ್ತು. ದೊಡ್ಡವಳು ಕೇಳಲಿಲ್ಲ, ಚಿಕ್ಕವಳು ಹೇಳಲಿಲ್ಲ. ಹೋದ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದು ದೊಡ್ಡವಳಿಗೆ ಅರ್ಥವಾಯಿತು. ಅರ್ಥವಾಗಿದ್ದೂ ಮುಂದಿನದನ್ನು ಮಾಡಿದಳು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅವಳ ಲೆಕ್ಕ ಸರಳವಾಗಿತ್ತು. ಈ ಊರಿಗೆ ಬಂದ ಮೊದಲ ವರ್ಷ, ಮಗಳು ಅಂಬೆಗಾಲಿಡುತ್ತಿದ್ದಾಗ, ಒಂದು ಒಳ್ಳೆಯ ಮನೆ ಕೈಗೆ ಬಂದಿತ್ತು. ಬೀಗದ ಕೈ ಕೊಡಲು ಬಂದ ಮಾಲೀಕ ಅವಳ ಸೊಂಟದ ಮೇಲಿನ ಕೂಸನ್ನು ನೋಡಿ, ಮಗು ಇದೆಯಾ ಎಂದು ಕೇಳಿ, ಬೀಗದ ಕೈಯನ್ನು ಹಾಗೇ ಜೇಬಿಗೆ ಹಾಕಿಕೊಂಡಿದ್ದ. ಗೋಡೆ ಗೀಚುತ್ತವೆ, ರಾತ್ರಿ ಅಳುತ್ತವೆ ಎಂದಿದ್ದ. ಆಮೇಲೆ ಸಿಕ್ಕ ಮಾಲೀಕರೂ ಅದನ್ನೇ ಕೇಳಿದರು. ಮಗು ಎಂಬ ಒಂದು ಮಾತಿಗೆ ಈ ಊರಿನಲ್ಲಿ ಬಾಗಿಲು ಮುಚ್ಚುತ್ತದೆ ಎಂದು ಅವಳು ಮೈ ಸುಟ್ಟುಕೊಂಡು ಕಲಿತಿದ್ದಳು. ಈಗ ಆ ಬೆಂಕಿಯನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು.

ಪರದೆ ಕಟ್ಟಿಕೊಡುವ ನೆಪದಲ್ಲಿ ಕಪ್ತಾನಮ್ಮನ ಮನೆಗೆ ಹೋದಳು. ಕುರ್ಚಿ ಹತ್ತಿ ಕೊಂಡಿ ಸಿಕ್ಕಿಸುತ್ತ, ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಾಜೂಕಾಗಿ ಮಾತು ತೆಗೆದಳು. ನನ್ನ ವಾರಗಿತ್ತಿ ತುಂಬ ಒಳ್ಳೆಯವಳು, ಪಾಪ, ಇನ್ನೇನು ಕೆಲವೇ ತಿಂಗಳು, ಆಮೇಲೆ ತೊಟ್ಟಿಲು ಕಟ್ಟಬೇಕು ಎಂದಳು. ಕಪ್ತಾನಮ್ಮ ಹೌದಾ ಎಂದು ಕೇಳಿದರು. ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ಆ ಮೌನ ದೊಡ್ಡವಳಿಗೆ ಹಾಲು ಕುಡಿದಷ್ಟು ಹಿತವಾಗಿತ್ತು. ದಾರಿಯಲ್ಲಿ ಬರುತ್ತ ಮಗಳಿಗೆ ಮೇಜಿನ ದೀಪವೊಂದನ್ನು ಕೊಂಡಳು.

ಮುಂದಿನ ವಾರ ಕಪ್ತಾನಮ್ಮ ತಾವೇ ಲಾಂಡ್ರಿಗೆ ಬಂದರು. ದೊಡ್ಡವಳ ಎರಡೂ ಕೈ ಹಿಡಿದುಕೊಂಡು, ನಿಧಾನವಾಗಿ, ಅವಳಿಗೆ ಒಂದೊಂದು ಪದವೂ ಅರ್ಥವಾಗುವಂತೆ ಮಾತಾಡಿದರು. ನಿಜ ಹೇಳಬೇಕೆಂದರೆ ಮನೆಯನ್ನು ನಿನಗೇ ಕೊಡುವುದೆಂದು ತೀರ್ಮಾನಿಸಿದ್ದೆ, ಬೀಗದ ಕೈಗೆ ದಾರವನ್ನೂ ಕಟ್ಟಿದ್ದೆ ಎಂದರು. ಆದರೆ ನಿನ್ನ ಮಗಳು ಇಂದೋ ನಾಳೆಯೋ ಓದಲು ಬೇರೆ ಊರಿಗೆ ಹೋಗುತ್ತಾಳೆ, ಅವಳ ಹಿಂದೆ ನೀವೂ ಹೋಗುತ್ತೀರಿ. ತೊಟ್ಟಿಲು ಕಟ್ಟುವವರು ಬೇಗ ಎದ್ದು ಹೋಗುವುದಿಲ್ಲ. ನನಗೆ ಬೇಕಾದದ್ದು ಉಳಿಯುವವರು. ನೀನು ನಿನ್ನ ಆಸೆಯನ್ನು ಬದಿಗಿಟ್ಟು ಅವಳ ಪರವಾಗಿ ಮಾತಾಡಿದೆಯಲ್ಲ, ಅಂಥ ಮನಸ್ಸು ನಾನು ನೋಡಿಲ್ಲ. ಇಷ್ಟು ಹೇಳಿ ಅವಳ ಕೆನ್ನೆ ತಟ್ಟಿ ಹೋದರು.

ದೊಡ್ಡವಳು ಯಂತ್ರದ ಮುಂದೆ ಕೂತೇ ಇದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಮನೆ ಅವಳದೇ ಆಗುತ್ತಿತ್ತು. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಳು, ಅದೂ ಕುರ್ಚಿ ಹತ್ತಿ ನಿಂತು. ಅಳು ಬಂತು, ಆದರೆ ಇಸ್ತ್ರಿಯವನು ನೋಡುತ್ತಿದ್ದನೆಂದು ದಾರ ಕಡಿಯುವ ನೆಪದಲ್ಲಿ ತಲೆ ತಗ್ಗಿಸಿದಳು.

ಅದಕ್ಕಿಂತ ಕೆಟ್ಟದ್ದು ಆಮೇಲಿನ ಹೊಗಳಿಕೆ. ಕಪ್ತಾನಮ್ಮನ ಬಾಯಿಂದ ಸುದ್ದಿ ಮನೆಯವರಿಗೆಲ್ಲ ಮುಟ್ಟಿತ್ತು. ಅತ್ತೆ ಫೋನಿನಲ್ಲಿ, ನನ್ನ ದೊಡ್ಡವಳು ಚಿನ್ನ ಎಂದು ಗದ್ಗದರಾದರು. ಮೈದುನ ಬಂದು, ಅತ್ತಿಗೆ ನೀವು ತಾಯಿ ಇದ್ದ ಹಾಗೆ ಎಂದು ಕಾಲು ಮುಟ್ಟಿದ. ಗಂಡನಂತೂ ಮದುವೆಯಾದ ಹೊಸತರಲ್ಲೂ ನೋಡದಂಥ ನೋಟದಲ್ಲಿ ನೋಡುತ್ತ ಪಾತ್ರೆ ತೊಳೆಯತೊಡಗಿದ. ಮಗಳು ಮಾತ್ರ ಏನೂ ಅನ್ನದೆ ಪುಸ್ತಕಗಳನ್ನು ಉಗ್ರಾಣಕ್ಕೆ ಸಾಗಿಸಲು ರಟ್ಟಿನ ಡಬ್ಬಿಗಳಿಗೆ ತುಂಬಿ, ಅಮ್ಮ ಕೊಂಡು ತಂದಿದ್ದ ದೀಪವನ್ನು ಎಲ್ಲಕ್ಕಿಂತ ಕೆಳಗಿಟ್ಟಳು. ಆ ಡಬ್ಬಿ ಕಂಡಾಗಲೆಲ್ಲ ದೊಡ್ಡವಳು ಮುಖ ತಿರುಗಿಸುತ್ತಿದ್ದಳು, ಆದರೂ ಉರಿಯೆಲ್ಲ ಚಿಕ್ಕವಳ ಮೇಲೆಯೇ. ಅವಳ ಗೋಡೆ, ಅವಳ ಕಿಟಕಿ, ಅವಳ ಒಂದು ಗೇಣು ಸಮುದ್ರ.

ಚಿಕ್ಕವಳು ಒಂದು ಮಧ್ಯಾಹ್ನ ಅದೇ ಅಂಗಿ ಹಿಡಿದು ಬಂದಳು. ಲಾಂಡ್ರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನೂ ಬಿಡಿಸಬೇಕಿತ್ತು. ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಳು. ದೊಡ್ಡವಳು ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ಅವಳ ಸೊಂಟದ ಹತ್ತಿರ ಮೊಣಕಾಲೂರಿದಳು. ಬಾಯಲ್ಲಿ ಸೂಜಿ ಇದ್ದಾಗ ಯಾರೂ ಮಾತಿಗೆ ಕಾಯುವುದಿಲ್ಲ. ಇತ್ತೀಚೆಗೆ ಅವಳು ದಿನವಿಡೀ ಸೂಜಿ ಕಚ್ಚಿಕೊಂಡೇ ಇರುತ್ತಿದ್ದಳು.

“ಅಕ್ಕಾ, ನಾನು ಯಾರಿಗೂ ಹೇಳಿರಲಿಲ್ಲ. ಇವರಿಗೂ ಹೇಳಿರಲಿಲ್ಲ,” ಎಂದಳು ಚಿಕ್ಕವಳು ಕನ್ನಡಿಯನ್ನೇ ನೋಡುತ್ತ. “ಕಪ್ತಾನಮ್ಮ ಬಂದು ಶುಭಾಶಯ ಹೇಳಿದಾಗ ಇವರು ಪಕ್ಕದಲ್ಲೇ ನಿಂತಿದ್ರು. ನೀವು ಅವರಿಗೆ ಯಾಕೆ ಹೇಳಿದ್ರಿ?”

ದೊಡ್ಡವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚಿದಳು. ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು, ಎಲ್ಲರೂ ಅದನ್ನು ಆಗಲೇ ನಂಬಿಯೂ ಇದ್ದರು. ಆದರೆ ಇನ್ನೊಂದು ಹೊಗಳಿಕೆ ಕೇಳುವುದು ಅವಳಿಂದ ಆಗುತ್ತಿರಲಿಲ್ಲ.

“ಆ ಮನೆ ನಿಂಗೆ ಸಿಗಬಾರದು ಅಂತ ಹೇಳ್ದೆ,” ಎಂದಳು. “ಕೂಸು ಅಂದ್ರೆ ಇಲ್ಲಿ ಯಾರೂ ಮನೆ ಕೊಡಲ್ಲ. ನಂಗೆ ಕೊಡಲಿಲ್ಲ. ನಿಂಗೂ ಕೊಡಲ್ಲ ಅಂದ್ಕೊಂಡೆ.”

ಚಿಕ್ಕವಳು ಅಳಲಿಲ್ಲ, ಕೂಗಾಡಲಿಲ್ಲ. ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. ಆ ಮುಖದಲ್ಲಿ ಯಾವಾಗಲೂ ಇರುತ್ತಿದ್ದ ನಗು ಇರಲಿಲ್ಲ. ಅದಿಲ್ಲದ ಮುಖ ಬಹಳ ಚಿಕ್ಕ ಹುಡುಗಿಯದಾಗಿತ್ತು.

“ಹಾಗೇ ಇರಬೇಕು ಅನ್ಕೊಂಡೆ. ಎಲ್ಲರೂ ನಿಮ್ಮನ್ನ ದೇವತೆ ಅಂತಿದ್ರು, ನಂಗೆ ಮಾತ್ರ ನಂಬಿಕೆ ಬರಲಿಲ್ಲ,” ಎಂದಳು ಕೊನೆಗೆ. “ಇದನ್ನ ಯಾರ ಮುಂದೆಯೂ ಎತ್ತಲ್ಲ. ಆದ್ರೆ ಈ ಬೇಸಿಗೆ ನೀವು ಮೂವರೂ ನಮ್ಮನೆಗೆ ಬರಬೇಕು. ಆ ಉಗ್ರಾಣದಲ್ಲಿ ಅವಳು ಪರೀಕ್ಷೆಗೆ ಓದೋದು ಬೇಡ.”

ಇದು ಔದಾರ್ಯವೋ, ಸೇಡೋ ದೊಡ್ಡವಳಿಗೆ ತಿಳಿಯಲಿಲ್ಲ. ಸೇಡಾಗಿದ್ದರೆ ಚೆನ್ನಾಗಿತ್ತು ಎನಿಸಿತು. ಸೇಡನ್ನು ಸಹಿಸುವುದು ಅವಳಿಗೆ ಸುಲಭ. ಆ ಮೆಟ್ಟಿಲನ್ನು ಅತಿಥಿಯಾಗಿ ಹತ್ತಬೇಕು, ಆ ಕಿಟಕಿಯನ್ನು ಕೇಳಿ ತೆರೆಯಬೇಕು, ನಾಲ್ಕು ತಿಂಗಳು ಆ ಒಣಗಿದ ಗೋಡೆಯನ್ನು ದಿನಾ ನೋಡಬೇಕು. ಬೇಡ ಎಂದು ಹೇಳಲು ಬಾಯಿ ತೆರೆದಳು. ಡಬ್ಬಿಯ ತಳದಲ್ಲಿದ್ದ ದೀಪ ನೆನಪಾಯಿತು.

“ಅವಳಿಗೆ ಓದೋಕೆ ಜಾಗ ಇದ್ಯಾ?” ಎಂದು ಕೇಳಿದಳು.

“ಇದೆ ಅಕ್ಕಾ. ಮುಂದಿನ ಕೋಣೆ ಕಿಟಕಿ ಕೆಳಗೆ ಮೇಜು ಹಾಕಿದೀನಿ. ಅಲ್ಲೇ ಕೂತ್ಕೋಬಹುದು.”

ಕಿಟಕಿಯ ಕೆಳಗೆ. ಅವಳು ಅಳೆದಿಟ್ಟ ಜಾಗ. ಅಲ್ಲಿ ಇನ್ಯಾರೋ ಕೂತು, ತಲೆಯೆತ್ತಿದಾಗಲೆಲ್ಲ ಸಮುದ್ರ ನೋಡುತ್ತಾರೆ ಎಂದುಕೊಂಡ ಕೂಡಲೇ ದೊಡ್ಡವಳ ಹೊಟ್ಟೆಯಲ್ಲಿ ಹಳೆಯ ಬೆಂಕಿ ಭಗ್ಗೆಂದಿತು. ಈ ಸಲ ಉರಿದದ್ದು ಸ್ವಂತ ಮಗಳ ಮೇಲೆ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

ಅವಳು ಸೂಜಿಗಳನ್ನು ಮತ್ತೆ ಬಾಯಿಗೆ ಇಟ್ಟುಕೊಳ್ಳಲಿಲ್ಲ. ಬರುತ್ತೇವೆ ಎಂದಳು. ಆಮೇಲೆ ಅಂಗಿಯ ಪಕ್ಕದ ಹೊಲಿಗೆಯನ್ನು ಬಿಚ್ಚಿ, ಮುಂದಿನ ತಿಂಗಳುಗಳಿಗೂ ಸಾಲುವಷ್ಟು ಬಟ್ಟೆಯನ್ನು ಒಳಗೆ ಬಿಟ್ಟು ಗುರುತು ಹಾಕಿದಳು.