ಒಂದೇ ಶಾಮಿಯಾನ, ಎರಡು ಮದುವೆ

ನನ್ನ ಮಾರ್ಗದರ್ಶಿ ಪಾಕ್ ಸಸಂಕ ಅವರ ಕೋಣೆಯ ಹೊರಗೆ ಕಾಯುವವರು ನೆಲದ ಮೇಲೆಯೇ ಕೂರಬೇಕು. ಬೆಂಚೇನೋ ಇದೆ, ಅದರ ಮೇಲೆ ಹಳೆಯ ಪ್ರಬಂಧಗಳು ಕೂತಿವೆ. ನನ್ನ ಜೊತೆ ಓದಿದವರೆಲ್ಲ ಪದವಿ ತೆಗೆದುಕೊಂಡು ಹೋಗಿಯಾಗಿತ್ತು. ನನಗಿಂತ ಚಿಕ್ಕವರ ನಡುವೆ ಆ ತಣ್ಣನೆಯ ನೆಲದಲ್ಲಿ ಕೂತು ಕೂತು, ಟೈಲ್ಸಿನ ಒಂದೊಂದು ಬಿರುಕೂ ನನಗೆ ನದಿಯ ಹಾಗೆ ಕಾಣತೊಡಗಿತ್ತು.

ನನ್ನ ಪ್ರಾಜೆಕ್ಟ್ ಸಣ್ಣದು. ಜಾವಾದ ಯೋಗ್ಯಕರ್ತದ ನಮ್ಮ ಓಣಿಗೆ ಸೇರಿದ ಒಂದು ಶಾಮಿಯಾನ, ಒಂದಷ್ಟು ಕುರ್ಚಿ, ತಟ್ಟೆಗಳಿವೆ. ಮದುವೆಗೋ ಸಾವಿನ ಊಟಕ್ಕೋ ಬೇಕಾದವರು ಕೇಳಿ ಒಯ್ಯುತ್ತಾರೆ. ಕೇಳಿದ್ದು, ಕೊಟ್ಟದ್ದು ಎಲ್ಲ ಕಂಪ್ಯೂಟರಿನಲ್ಲೇ ನಡೆಯುವಂತೆ ನಾನು ಪರದೆಗಳನ್ನು ವಿನ್ಯಾಸ ಮಾಡಿದ್ದೆ. ಪಾಕ್ ಸಸಂಕ ಮತ್ತೆ ಮತ್ತೆ ತಿದ್ದಿಸಿದರು. ಬಣ್ಣ ತಿಳಿಯಾಯಿತು, ಅಕ್ಷರ ದಪ್ಪವಾಯಿತು, ನಾನು ಸಣ್ಣಗಾದೆ.

"ಈಗ ಪರೀಕ್ಷೆ ಮಾಡಿಸು ವೆನಿಂಗ್," ಎಂದರು. "ಯಾರು ಬಳಸ್ತಾರೋ ಅವರೇ ಕೂತು ಎಲ್ಲಾ ಕೆಲಸ ಮುಗಿಸ್ಬೇಕು. ನೀನು ಬಾಯಿ ಬಿಡಂಗಿಲ್ಲ, ಕೈ ತೋರಿಸಂಗಿಲ್ಲ. ಪರದೆ ರೆಕಾರ್ಡ್ ಆಗ್ಲಿ. ಸರಿಯಾಗಿ ಮುಗಿಸಿ ಶುಕ್ರವಾರ ತಂದ್ರೆ ಈ ಸಲವೇ ನಿನ್ನನ್ನ ಮೌಖಿಕ ಪರೀಕ್ಷೆಗೆ ಕೂರಿಸಬಹುದು."

ಮುಗಿಸದಿದ್ದರೆ ಇದೇ ನೆಲ, ಇನ್ನೊಂದು ಸೆಮಿಸ್ಟರ್. ಅದನ್ನು ಅವರು ಹೇಳಲಿಲ್ಲ.

ಶಾಮಿಯಾನದ ಉಸ್ತುವಾರಿ ಬು ಪರ್ಜಿಯೆಮ್ ಅವರದು. ಹಿರಿಯ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವುದು ನಮ್ಮ ಕಡೆಯ ವಾಡಿಕೆ. ದುಂಡು ಮೈ, ದೊಡ್ಡ ಗಂಟಲು. ತಮ್ಮ ಕಂಪ್ಯೂಟರಿಗೆ ಕಸೂತಿ ಬಟ್ಟೆ ಹೊದಿಸಿಟ್ಟಿದ್ದರು. ರೆಕಾರ್ಡಿಂಗ್ ನೋಡಿಕೊಳ್ಳಲು ಗೆಳತಿ ಗೆಂಡಿಸ್‌ಳನ್ನು ಕರೆದುಕೊಂಡು ಹೋಗಿದ್ದೆ. ಕುರ್ಚಿ ಎಣಿಕೆ, ತಟ್ಟೆ ವಾಪಸಾತಿ, ಇವನ್ನೆಲ್ಲ ಬು ಪರ್ಜಿಯೆಮ್ ಸರಸರ ಮಾಡಿ ಮುಗಿಸಿದರು. ಉಳಿದದ್ದು ಕೊನೆಯ ಕೆಲಸ. ಒಂದೇ ಭಾನುವಾರ ಎರಡು ಮನೆಯಲ್ಲಿ ಮದುವೆ, ಇರುವುದು ಒಂದೇ ಶಾಮಿಯಾನ. ಒಬ್ಬರಿಗೆ ಹಸಿರು ಬಟನ್ ಒತ್ತಬೇಕು: ‘ಕೊಡುತ್ತೇವೆ’. ಇನ್ನೊಬ್ಬರಿಗೆ ಕೆಂಪು: ‘ಕೊಡಲಾಗದು’.

ಮೊದಲ ಮನೆಗೆ ಹಸಿರು ಒತ್ತಿದರು. ಎರಡನೆಯದಕ್ಕೆ ಮೌಸ್ ನಿಂತಿತು.

"ಇವರು ಯಾರ ಪೈಕಿ ನ್ದುಕ್?" ಮಗಳೇ ಎನ್ನುವ ಹಾಗೆ ನ್ದುಕ್ ಎಂದೇ ಅವರು ನನ್ನನ್ನು ಕರೆಯುವುದು.

"ನಾನೇ ಕಟ್ಟಿದ ಹೆಸರು, ಬು. ಅಂಥವರು ಯಾರೂ ಇಲ್ಲ." ಬಾಯಿ ಬಿಡಬಾರದಿತ್ತು, ಬಿಟ್ಟೆ.

"ಇಲ್ದಿದ್ರೆ ಏನಾಯ್ತು, ಮಗಳ ಮದುವೆ ಅಂತ ಬರ್ದಿದೀಯಲ್ಲ."

ಪರದೆಯ ಮೇಲಿನ ಬಾಣ ಕೆಂಪಿನ ಹತ್ತಿರ ಹೋಯಿತು, ಬಾವಿ ಕಂಡ ಕರುವಿನಂತೆ ಹಿಂದೆ ಸರಿಯಿತು. ಬು ಪರ್ಜಿಯೆಮ್ ಸೋಯಾಕಾಳಿನ ಕರಿದ ಟೆಂಪೆಯ ತಟ್ಟೆಯನ್ನು ನಮ್ಮ ಕಡೆ ತಳ್ಳಿದರು. "ತಿನ್ರೇ, ಆರೋಗತ್ತೆ." ಬಾಣ ಮತ್ತೆ ಹೋಯಿತು, ಮತ್ತೆ ಬಂತು. ಕೊನೆಗೆ ಹಸಿರನ್ನೇ ಒತ್ತಿ ಕೈ ಎತ್ತಿಬಿಟ್ಟರು.

"ಆಯ್ತು! ತುಂಬ ಸುಲಭ ಇದೆ. ಎಷ್ಟು ಚೆನ್ನಾಗಿ ಮಾಡಿದೀಯ!"

"ಬು, ಒಂದೇ ಶಾಮಿಯಾನದಡಿ ಎರಡು ಜೋಡಿ ಮದುಮಕ್ಕಳು!" ಎಂದಳು ಗೆಂಡಿಸ್.

"ನೆರಳಿಗೇನು ಬರ ಬಿಡು. ನಿನ್ನನ್ನೂ ಪಕ್ಕದಲ್ಲಿ ಕೂರಿಸಿಬಿಡ್ತೀವಿ, ನಿಮ್ಮಮ್ಮ ಕಾಯ್ತಾನೇ ಇದಾಳೆ."

"ನಿಜವಾಗ್ಲೂ ಹೀಗಾದಾಗ ಏನ್ಮಾಡ್ತೀರಿ ಬು?" ನಾನು ಕೇಳಿದೆ.

"ಅವರ ಮನೆಗೆ ಹೋಗ್ತೀನಿ. ಕೂತ್ಕೋತೀನಿ. ಮೊಮ್ಮಗೂಗೆ ಹಲ್ಲು ಬಂತಾ ಅಂತ ಕೇಳ್ತೀನಿ. ಶಾಮಿಯಾನದ ಮಾತೇ ಎತ್ತಲ್ಲ. ಸ್ವಲ್ಪ ಹೊತ್ತಾದ್ಮೇಲೆ ಅವರೇ ಅಂತಾರೆ, ‘ಬು, ನಾವು ಮುಂದಿನ ವಾರಕ್ಕೆ ಹಾಕ್ಕೋತೀವಿ’ ಅಂತ."

ನಮ್ಮಜ್ಜಿ ಹೇಳುತ್ತಿದ್ದ ಕತೆಯೊಂದರಲ್ಲಿ ಮೊಸಳೆಯೊಂದು ಹೆಣ್ಣು ಕೇಳಲು ಬರುತ್ತದೆ. ಹುಡುಗಿಯ ತಾಯಿ ‘ಇಲ್ಲ’ ಎನ್ನುವುದಿಲ್ಲ. ಭತ್ತದ ಕೊಯ್ಲಾಗಲಿ ಎನ್ನುತ್ತಾಳೆ, ಮಾಡಿಗೆ ಹೊಸ ಹುಲ್ಲು ಹೊದಿಸಲಿ ಎನ್ನುತ್ತಾಳೆ, ಹುಣ್ಣಿಮೆ ಕಳೆಯಲಿ ಎನ್ನುತ್ತಾಳೆ. ಕಾದು ಕಾದು ಮೊಸಳೆ ದಡದಲ್ಲಿ ಪಾಚಿಗಟ್ಟಿದ ದಿಮ್ಮಿಯಾಗುತ್ತದೆ. ಚಿಕ್ಕವಳಿದ್ದಾಗ ನಾನು ಹುಡುಗಿಯ ಪಕ್ಷ. ಆ ಮಧ್ಯಾಹ್ನ ಮೊದಲ ಸಲ ಮೊಸಳೆಯ ಬೆನ್ನುನೋವು ನನಗೆ ತಿಳಿಯಿತು.

ಗೆಂಡಿಸ್ ನನ್ನ ಕಿವಿಯ ಬಳಿ ಬಗ್ಗಿದಳು. "ಇನ್ನೊಂದ್ಸಲ ಶುರು ಮಾಡಿ, ಕೆಂಪು ನೀನೇ ಒತ್ತಿಬಿಡೇ. ರೆಕಾರ್ಡಿನಲ್ಲಿ ಪರದೆ ಮಾತ್ರ ಬರತ್ತೆ, ಕೈ ಯಾರದ್ದು ಅಂತ ಯಾರಿಗ್ಗೊತ್ತು?"

ಬು ಪರ್ಜಿಯೆಮ್ ಅವರಿಗೆ ಕೇಳಿಸಿತ್ತು. "ಹೂಂ ನ್ದುಕ್, ಒತ್ತು. ನಾನೇ ಒತ್ತಿದ್ದು ಅಂತೀನಿ," ಎಂದು ಮೌಸನ್ನು ನನ್ನ ಕಡೆ ಸರಿಸಿದರು. ಪಾಪ, ನನಗೂ ಅವರು ಇಲ್ಲ ಎನ್ನಲಾರರು.

ಮೌಸ್ ಅವರ ಕೈಯಿಂದ ಬೆಚ್ಚಗಾಗಿತ್ತು. ಒಂದು ಸಲ ಒತ್ತಿದರೆ ಮುಗಿಯಿತು, ಮನೆಗೆ ಹೋಗಿ ಮಲಗಬಹುದಿತ್ತು. ಆದರೆ ಇದನ್ನೇ ಬಳಸುವುದೆಂದು ಓಣಿಯವರು ಆಗಲೇ ತೀರ್ಮಾನಿಸಿದ್ದರು. ಮುಂದೊಂದು ಭಾನುವಾರ ಎರಡು ಮನೆಯವರು ಗಾಡಿ ತಂದು ಈ ಅಂಗಳದಲ್ಲಿ ನಿಲ್ಲುವುದು, ಬು ಪರ್ಜಿಯೆಮ್ ಹೊರಗೆ ಬರಲಾರದೆ ಒಲೆಯ ಮುಂದೆ ಟೆಂಪೆ ಮಗುಚುತ್ತಲೇ ಇರುವುದು ನನ್ನ ಕಣ್ಣಿಗೆ ಕಟ್ಟಿತು. ಮೌಸ್ ಬಿಟ್ಟೆ.

"ಹುಚ್ಚಿ," ಎಂದಳು ಗೆಂಡಿಸ್, ಕೊನೆಯ ಟೆಂಪೆ ತಿನ್ನುತ್ತಾ.

ಶುಕ್ರವಾರ ಪಾಕ್ ಸಸಂಕ ರೆಕಾರ್ಡಿಂಗ್ ಅನ್ನು ಪೂರ್ತಿ ನೋಡಿದರು. ಕೆಂಪಿನ ಸುತ್ತ ಬಾಣ ಅಲೆಯುವುದನ್ನು ಎರಡು ಸಲ ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ತುಂಬ ಚೆನ್ನಾಗಿದೆ," ಎಂದರು. "ಬಣ್ಣ ಕಣ್ಣಿಗೆ ಹಿತವಾಗಿದೆ." ಕಿಟಕಿಯತ್ತ ನೋಡಿದರು. "ನಿಮ್ಮಮ್ಮ ಹೇಗಿದಾರೆ?"

"ಚೆನ್ನಾಗಿದಾರೆ ಪಾಕ್."

"ನಿಮ್ಮನೆ ಮಾವಿನ ಮರ ಈ ಸಲ ಬಿಟ್ಟಿದೆಯಾ?"

"ಹೂ ಬಿಟ್ಟಿತ್ತು, ಗಾಳಿಗೆ ಉದುರಿಹೋಯ್ತು."

"ಗಾಳಿ ಜಾಸ್ತಿ ಈ ವರ್ಷ," ಎಂದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಮೌಖಿಕ ಪರೀಕ್ಷೆಯ ದಿನದ ಮಾತು ಬರಲೇ ಇಲ್ಲ. ಇನ್ನೂ ಕೂತಿದ್ದರೆ ಅವರು ನನ್ನ ತಮ್ಮನ ಓದು, ಅಜ್ಜಿಯ ಮಂಡಿನೋವು ಎಲ್ಲವನ್ನೂ ವಿಚಾರಿಸುತ್ತಿದ್ದರು; ಸಂಜೆಯವರೆಗೂ ವಿಚಾರಿಸುತ್ತಿದ್ದರು. ನನಗೆ ಬಹಳ ಆಯಾಸವಾಗಿತ್ತು. ಅವರಿಗೂ ಆಗಿತ್ತೇನೋ.

"ಪಾಕ್, ನಿಮಗೆ ತೊಂದ್ರೆ ಇಲ್ಲ ಅಂದ್ರೆ ನಾನು ಮುಂದಿನ ಸೆಮಿಸ್ಟರಿಗೆ ಬರ್ತೀನಿ," ಎಂದೆ. "ಆ ಕೆಂಪು ಬಟನ್ ಜಾಗಕ್ಕೆ ಬೇರೆ ಏನಾದ್ರೂ ಹುಡುಕ್ಬೇಕು."

"ಹೌದಾ? ನಿನಗೆ ಹಾಗನ್ಸತ್ತಾ?" ಅವರ ಬಿಗಿದ ಭುಜಗಳು ಕೆಳಗಿಳಿದವು. "ಸರಿ ಸರಿ, ಅವಸರ ಏನಿಲ್ಲ ಬಿಡು."

ಹೊರಗೆ ಬಂದಾಗ ನೆಲದ ಮೇಲಿದ್ದ ಕಿರಿಯ ಹುಡುಗಿ ತಲೆಯೆತ್ತಿದಳು. "ಏನಂದ್ರು ಅಕ್ಕಾ?"

"ತುಂಬ ಚೆನ್ನಾಗಿದೆ ಅಂದ್ರು."

"ಅಯ್ಯೋ," ಎಂದಳು ಅವಳು, ಚೀಲ ಪಕ್ಕಕ್ಕೆ ಸರಿಸಿ ನನಗೆ ಜಾಗ ಮಾಡಿಕೊಟ್ಟಳು.