ಸದ್ದಿಲ್ಲದ ಆಟೋ

ಬದರಿನಾಥನ ಆಟೋ ಪೆಟ್ರೋಲು ಕುಡಿಯುತ್ತಿರಲಿಲ್ಲ, ಹೊಗೆ ಉಗುಳುತ್ತಿರಲಿಲ್ಲ. ಸೀಟಿನ ಕೆಳಗೆ ಬ್ಯಾಟರಿಗಳು, ಹಿಂದೆ ಅವನೇ ಸುತ್ತಿದ ಮೋಟಾರು. ಬನಶಂಕರಿ ಎರಡನೇ ಹಂತದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡು ತಣ್ಣಗಿದ್ದವನಿಗೆ ಇದೆಲ್ಲ ಯಾಕೆ ಬೇಕಿತ್ತೋ! ಮೂರು ವರ್ಷ ಬೀದಿಯವರೆಲ್ಲ ನಕ್ಕರು. ಎಂಬತ್ತನಾಲ್ಕರಲ್ಲಿ, ಇಂಥ ಗಾಡಿ ಮಾಡುವವರಿಗೆ ಸರ್ಕಾರದ ಸಹಾಯಧನ ಸಿಗುತ್ತದೆ ಎಂದು ಪೇಪರಿನಲ್ಲಿ ಬಂದ ಮೇಲೆ ಬಾಯಿ ಮುಚ್ಚಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹನ್ನೊಂದು ತಿಂಗಳು ಅರ್ಜಿಯ ಹಿಂದೆ ಅಲೆದ ಮೇಲೆ ಮೂವರು ಅಧಿಕಾರಿಗಳು ಒಂದೇ ಒಂದು ದಿನ ಬಂದು ನೋಡಲು ಒಪ್ಪಿದರು. ಪಾಸಾದರೆ ಹತ್ತು ಆಟೋ ಕಟ್ಟಬಹುದು, ಇಲ್ಲದಿದ್ದರೆ ಇದೊಂದೂ ಗುಜರಿಗೆ.

ಅವನ ಬೆನ್ನಿಗೆ ನಿಂತವರು ಹನುಮಯ್ಯ ಒಬ್ಬರೇ. ಬದರಿಗೆ ಕೆಲಸ ಕಲಿಸಿದ ಗುರು. ಸಕ್ಕರೆ ಕಾಯಿಲೆ ಅವರ ಕಣ್ಣು ಎರಡನ್ನೂ ತಿಂದು ಹಾಕಿತ್ತು, ಕಿವಿಯನ್ನು ಮಾತ್ರ ಬಿಟ್ಟಿತ್ತು. ದಿನಾ ಬೆಳಗ್ಗೆ ಆ ಕಿವಿಯನ್ನೇ ನಂಬಿ ರಸ್ತೆ ದಾಟಿ ಎದುರಿನ ಬೂತಿನಿಂದ ಹಾಲು ತರುತ್ತಿದ್ದರು. ಬರುತ್ತಿರುವುದು ಲೂನಾನೋ ಲಾರಿಯೋ, ದೂರ ಎಷ್ಟು, ಎಲ್ಲ ಹೇಳುತ್ತಿದ್ದರು. ಯಾರಾದರೂ ಕೈ ಹಿಡಿಯಲು ಹೋದರೆ ಬೈಸಿಕೊಳ್ಳಬೇಕಿತ್ತು. ಬದರಿಯ ಗಾಡಿಯನ್ನೂ ಅದೇ ಕಿವಿಯಿಂದ ಪರೀಕ್ಷಿಸುತ್ತಿದ್ದರು.

"ಬದ್ರೀ, ಎಡಗಡೆ ಬೇರಿಂಗ್ ಅಳ್ತಾ ಇದೆ ಕಣೋ. ಸದ್ದು ಮಾಡೋ ಗಾಡಿ ಅಂದ್ರೆ ಸವೆದು ಹೋಗ್ತಾ ಇರೋ ಗಾಡಿ."

ಬದರಿ ಬಿಚ್ಚುವನು, ಸರಿಮಾಡಿ ಓಡಿಸುವನು. ಅವರು ತಲೆ ಅಲ್ಲಾಡಿಸುವರು. ನಾಲ್ಕು ತಿಂಗಳು ಇದೇ ಆಯಿತು. ಕೊನೆಗೊಂದು ದಿನ ಹನುಮಯ್ಯ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

"ಈಗ ಏನೂ ಕೇಳಿಸ್ತಿಲ್ಲ ಕಣೋ!"

ಅಧಿಕಾರಿಗಳು ಬಂದ ಬೆಳಗ್ಗೆ ಬದರಿ ಮೂವರನ್ನೂ ಕೂರಿಸಿಕೊಂಡು ಒಂದು ಸುತ್ತು ಹೊಡೆದ. ಏರಿನಲ್ಲೂ ಗಾಡಿ ತಿಣುಕಲಿಲ್ಲ. ಹಿರಿಯ ಅಧಿಕಾರಿ ದೇವದಾಸರ ಮುಖ ಅರಳಿತ್ತು. ಬದರಿಗೆ ಹಿಗ್ಗು ತಡೆಯಲಾಗಲಿಲ್ಲ. ಬೂತಿನ ತಿರುವಿನಲ್ಲಿ ಕತ್ತು ಹಿಂದಕ್ಕೆ ತಿರುಗಿಸಿ ಕೇಳಿದ:

"ಸಾರ್, ಏನಾದ್ರೂ ಸದ್ದು ಕೇಳಿಸ್ತಿದ್ಯಾ?"

ಮುಂದೆ ತಿರುಗಿದಾಗ ಹಾಲಿನ ಪಾತ್ರೆ ಹಿಡಿದ ಹನುಮಯ್ಯ ರಸ್ತೆಯ ನಡುವೆ ಇದ್ದರು. ನಿಂತು, ಕಿವಿಗೊಟ್ಟು, ರಸ್ತೆ ಖಾಲಿ ಎಂದು ಖಾತ್ರಿ ಮಾಡಿಕೊಂಡೇ ಇಳಿದಿದ್ದರು. ಬದರಿ ಬ್ರೇಕ್ ತುಳಿಯುವುದರೊಳಗೆ ಆಗಬಾರದ್ದು ಆಗಿಹೋಯಿತು. ಪಾತ್ರೆ ಠಣಠಣ ಉರುಳಿತು. ಇಡೀ ಬೆಳಗ್ಗೆ ಆ ಗಾಡಿಯಿಂದಾದ ಸದ್ದು ಅದೊಂದೇ.

ಬದರಿ ಗಾಡಿಯಿಂದ ಜಿಗಿದ. ರಸ್ತೆಯ ಮೇಲೆ ಕುಸಿದು ಅವರ ತಲೆಯನ್ನು ತೊಡೆಗೆಳೆದುಕೊಂಡ. ಅವರಿಗೆ ಪ್ರಜ್ಞೆ ಇರಲಿಲ್ಲ. ಅದೇ ಆಟೋದಲ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸಿದ. ತೊಡೆಯ ಮೂಳೆ ಮುರಿದಿದೆ, ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು.

ಮಧ್ಯಾಹ್ನ ದೇವದಾಸ್ ಆಸ್ಪತ್ರೆಗೆ ಬಂದರು. ಹಣ್ಣು ತಂದಿರಬಹುದು ಎಂದುಕೊಂಡ ಬದರಿ. ಅವರು ಬ್ಯಾಗಿನಿಂದ ತೆಗೆದದ್ದು ಫಾರಂ.

"ಸದ್ದು: ಇಲ್ಲವೇ ಇಲ್ಲ ಅಂತ ಬರೆದಿದೀನಿ. ಫುಲ್ ಮಾರ್ಕ್ಸ್! ಬೆಳಗ್ಗೆದು ನಾವ್ಯಾರೂ ನೋಡಿಲ್ಲ ಬಿಡಿ. ಒಂದು ಸೈನ್ ಹಾಕಿ, ಇವತ್ತೇ ಕಳಿಸ್ತೀನಿ."

ಬದರಿ ಫಾರಂ ಕೈಗೆ ತೆಗೆದುಕೊಂಡ. ಅವನ ಅಂಗಿಯ ಮೇಲೆ ಬೆಳಗಿನ ರಕ್ತ ಇನ್ನೂ ಹಾಗೇ ಇತ್ತು. ಅಷ್ಟರಲ್ಲಿ ನರ್ಸ್ ಕರೆದಳು, ಹನುಮಯ್ಯನವರಿಗೆ ಎಚ್ಚರವಾಗಿತ್ತು. ಫಾರಂ ಕೈಯಲ್ಲಿ ಹಿಡಿದೇ ಒಳಗೆ ಹೋದ.

"ಬದ್ರೀನಾ? ಯಾವನೋ ಸೈಕಲ್‌ನವನು ಗುದ್ದಿಬಿಟ್ಟ ಕಣೋ. ಬೆಲ್ಲೂ ಹೊಡೀಲಿಲ್ಲ ಮುಂಡೇದು! ಅದಿರ್ಲಿ, ಸಾಹೇಬ್ರು ಬಂದಿದ್ರಾ? ಗಾಡಿ ಪಾಸಾಯ್ತಾ?"

ಸೈಕಲ್ ಎಂದೇ ಇರಲಿ ಎಂದು ಬದರಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಗುರುವಿಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

"ಸೈಕಲ್ ಅಲ್ಲ ಸಾರ್. ನಮ್ಮ ಗಾಡೀನೇ. ನಾನೇ."

"ನಮ್ಮ ಗಾಡೀನಾ?" ಹನುಮಯ್ಯನವರ ಹುಬ್ಬು ಮೇಲೇರಿತು. "ನನಗೇ ಕೇಳಿಸ್ಲಿಲ್ಲವಲ್ಲೋ!" ಒಂದು ಕ್ಷಣ ಆ ಮುಖದ ಮೇಲೆ ಹೆಮ್ಮೆ ಮೂಡಿದ್ದನ್ನು ಬದರಿ ಕಣ್ಣಾರೆ ಕಂಡ. ಅದನ್ನು ನೋಡಲು ಅವನಿಂದಾಗಲಿಲ್ಲ. ಮರುಕ್ಷಣ ಹೆಮ್ಮೆ ಇಳಿಯಿತು. ಅವರ ಕೈ ತಡಕಾಡಿ ಅವನ ಮಣಿಕಟ್ಟನ್ನು ಹಿಡಿಯಿತು.

"ಬದ್ರೀ... ಇಂಥವು ಹತ್ತು ಬರ್ತವೇನೋ ರಸ್ತೆಗೆ?"

ಬದರಿ ಹೊರಗೆ ಬಂದು ದೇವದಾಸರ ಪೆನ್ನು ಕೇಳಿ ತೆಗೆದುಕೊಂಡ. 'ಸದ್ದು: ಇಲ್ಲವೇ ಇಲ್ಲ' ಎಂಬುದರ ಕೆಳಗೆ ಬರೆದ: 'ಆದ್ದರಿಂದಲೇ ಇಂದು ಒಬ್ಬರ ಕಾಲು ಮುರಿದಿದೆ. ಈ ಗಾಡಿಗೆ ಸದ್ದು ಬೇಕು. ಅಲ್ಲಿಯವರೆಗೆ ಪಾಸು ಮಾಡಬೇಡಿ.'

"ರೀ, ತಲೆ ಕೆಟ್ಟಿದ್ಯೇನ್ರೀ? ಇನ್ನೊಂದ್ಸಲ ನಾವು ಬರಲ್ಲ."

"ಗೊತ್ತು ಸಾರ್" ಎಂದು ಬದರಿ ಕೆಳಗೆ ಸಹಿ ಹಾಕಿದ.